ಎಲ್ಸ್‌ಬೆಕ್ ತಿರುವಿನಲ್ಲಿ ನಿಂತವಳು

ಸೈಕಲ್ ರೇಸ್ ಅಂದರೆ ಗೆಲ್ಲುವವರ ಆಟ ಅಂತ ತಿಳಿದವರ ತಲೆಯಲ್ಲಿ ಹೊಟ್ಟು ತುಂಬಿದೆ. ಬೆಳಗ್ಗೆ ನೂರಾರು ಹೆಂಗಸರು ಹೊರಟರೆ ಸಂಜೆ ಹೂಗುಚ್ಛ ಹಿಡಿದು ನಗುವವಳು ಒಬ್ಬಳು. ಮಿಕ್ಕವರು ಏನು ಮಾಡಿದರು? ನೀರು ಹೊತ್ತರು. ಗಾಳಿಗೆ ಎದೆ ಕೊಟ್ಟರು. ತಂಡದ ರಾಣಿಯ ಚಕ್ರ ಪಂಕ್ಚರ್ ಆದಾಗ ತಮ್ಮ ಚಕ್ರ ಬಿಚ್ಚಿ ಕೊಟ್ಟು, ಬೇಲಿ ಗೂಟದ ಹಾಗೆ ರಸ್ತೆ ಪಕ್ಕ ನಿಂತರು. ಅವರ ಹೆಸರು ಪೇಪರಿನಲ್ಲಿ ಬರುವುದಿಲ್ಲ. ಬಂದರೂ ಕಾಗುಣಿತ ತಪ್ಪಾಗಿ ಬರುತ್ತದೆ.

ಮಾರ್ಲೆನಿ ಕುವಾಸ್ಪುದ್ ಅಂಥವಳು. ಈಕ್ವೆಡಾರ್ ದೇಶದ ಕಾರ್ಚಿ ಸೀಮೆಯವಳು. ಮೋಡಕ್ಕೆ ತಲೆ ತಾಗುವಷ್ಟು ಎತ್ತರದಲ್ಲಿ ಅಪ್ಪನ ಆಲೂಗಡ್ಡೆ ಹೊಲ. ಹಾಲಿನ ಕ್ಯಾನು ಕಟ್ಟಿಕೊಂಡು ಹಳೇ ಸೈಕಲ್ಲಿನಲ್ಲಿ ಆ ಗುಡ್ಡ ಹತ್ತಿ ಇಳಿದು ಬೆಳೆದ ಕಾಲುಗಳು ಅವಳನ್ನು ಸಮುದ್ರ ದಾಟಿಸಿ ಬೆಲ್ಜಿಯಂ ದೇಶದ ಫ್ಲಾಂಡರ್ಸಿಗೆ ತಂದು ಹಾಕಿದ್ದವು. ಇಲ್ಲಿ ಗುಡ್ಡ ಅಂದರೆ ಮೊಣಕಾಲೆತ್ತರ. ಗುಡ್ಡದ ಬದಲು ಗಾಳಿ. ಆ ಗಾಳಿಗೆ ಕರುಣೆ ಅನ್ನುವುದು ಗೊತ್ತಿಲ್ಲ. ಮಳೆ ತಂದರೆ ಮುಖಕ್ಕೇ ತರುತ್ತದೆ.

ಆರು ವರ್ಷದಿಂದ ಅವಳ ಕೆಲಸ ಒಂದೇ. ಓಟ ನಡೆಯುತ್ತಿರುವಾಗ ಹಿಂದೆ ಬರುವ ತಂಡದ ಕಾರಿನ ತನಕ ಹಿಂದಕ್ಕೆ ಇಳಿದು ಹೋಗಬೇಕು, ನೀರಿನ ಬಾಟ್ಲಿಗಳನ್ನು ಅಂಗಿಯ ಬೆನ್ನೊಳಗೆ ತುರುಕಿಕೊಳ್ಳಬೇಕು, ಗೂನು ಬಂದವಳ ಹಾಗೆ ಬಗ್ಗಿ ಮತ್ತೆ ಸವಾರರ ಹಿಂಡಿನ ಮುಂದಕ್ಕೆ ತುಳಿದು ಬಂದು ಹಂಚಬೇಕು. ಬಾಟ್ಲಿ ಇಸಿದುಕೊಂಡವರು ಮುಖ ನೋಡುವುದಿಲ್ಲ. ನೋಡಲು ಪುರುಸೊತ್ತು ಎಲ್ಲಿ? ಹಿಂಡಿನಲ್ಲಿ ಅವಳಿಗೆ ಇದ್ದ ಹೆಸರು "ಕೊಲಂಬಿಯಾದವಳು." ಅವಳ ಊರಿನಿಂದ ಕೊಲಂಬಿಯಾ ಗಡಿ ಕಾಣುತ್ತದೆ ಅನ್ನುವುದು ನಿಜ. ಆದರೆ ಗಡಿಯಲ್ಲಿ ಇರುವವನಿಗೇ ಅಲ್ಲವೇ ತಾನು ಈ ಕಡೆಯವನು ಅನ್ನುವ ರೋಷ ಜಾಸ್ತಿ ಇರುವುದು?

ಅವಳ ವಾಸ ಎಲ್ಸ್‌ಬೆಕ್ ಅನ್ನುವ ಹಳ್ಳಿಯಲ್ಲಿ, ರಾಶೆಲ್ ಎಂಬ ವಿಧವೆಯ ಅಂಗಡಿಯ ಮೇಲಿನ ಕೋಣೆಯಲ್ಲಿ. ರಾಶೆಲ್ ಫ್ರೀತ್ ಕರಿಯುವವಳು. ಬೆರಳು ಗಾತ್ರಕ್ಕೆ ಸೀಳಿದ ಆಲೂಗಡ್ಡೆಯನ್ನು ದನದ ಕೊಬ್ಬಿನಲ್ಲಿ ಒಂದು ಸಲ ಬೇಯಿಸಿ, ಆರಿಸಿ, ಇನ್ನೊಂದು ಸಲ ಕರಿದು, ಕಾಗದದ ಪೊಟ್ಟಣಕ್ಕೆ ಸುರಿದು ಕೊಡುತ್ತಾಳೆ. ಮೇಲೆ ಮಾಂಸದ ಗಟ್ಟಿ ಸಾರು ಬೇಕಾದರೆ ಹಾಕುತ್ತಾಳೆ. ಮಾತು ಕಡಿಮೆ, ಇರುವ ಮಾತಿನಲ್ಲೂ ಬೈಗುಳವೇ ಹೆಚ್ಚು. ಆ ಕೊಬ್ಬಿನ ವಾಸನೆ ಮಹಡಿ ಮೆಟ್ಟಿಲು ಹತ್ತಿ ಬಂದು ಮಾರ್ಲೆನಿಯ ದಿಂಬಿನಲ್ಲೂ ಕೂತಿತ್ತು.

ರೇಸ್ ಇಲ್ಲದ ಮಧ್ಯಾಹ್ನ ಅವಳು ಕೆಳಗಿಳಿದು ಹಿತ್ತಲ ಬಾಗಿಲಲ್ಲಿ ಕೂತು ಆಲೂಗಡ್ಡೆ ಸುಲಿಯುತ್ತಿದ್ದಳು. ಯಾರೂ ಸುಲಿ ಅಂದಿರಲಿಲ್ಲ. ಮೊದಲನೇ ಚಳಿಗಾಲದಲ್ಲಿ ಒಂದು ದಿನ ಬಂದು ಕೂತಳು, ರಾಶೆಲ್ ಒಂದು ಚಾಕು ಅವಳ ಕಡೆ ತಳ್ಳಿದಳು, ಅಷ್ಟೇ.

"ಇದೂ ಒಂದು ಆಲೂಗಡ್ಡೆಯಾ ದೋನ್ಯಾ ರಾಶೆಲ್? ಬರೀ ನೀರು," ಅನ್ನುವಳು ಮಾರ್ಲೆನಿ. ತಮ್ಮೂರಲ್ಲಿ ದೊಡ್ಡವರನ್ನು ಕರೆಯುವ ಹಾಗೆ ದೋನ್ಯಾ ಅಂತಲೇ ಕರೆಯುತ್ತಿದ್ದಳು.

"ಓಹೋ. ನಿಮ್ಮೂರಲ್ಲಿ ಚಿನ್ನ ಬೆಳೀತಾರೇನೋ."

"ನಮ್ಮಪ್ಪ ಬೆಳೆದಿದ್ದು ತಿಂದ್ರೆ ನೀವು ಅಂಗಡಿಗೆ ಬೀಗ ಹಾಕ್ಕೊಂಡು ಅಲ್ಲಿಗೇ ಬಂದ್ಬಿಡ್ತೀರ."

"ಕೊಲಂಬಿಯಾಕ್ಕಾ? ನಾನಂತೂ ಬರಲ್ಲಮ್ಮ."

"ಈಕ್ವೆಡಾರ್! ಎಷ್ಟು ಸಲ ಹೇಳ್ಬೇಕು ನಿಮಗೆ?"

"ಎರಡೂ ಅಕ್ಕಪಕ್ಕ ತಾನೆ."

"ಹಾಗಾದ್ರೆ ನಾನು ನಿಮ್ಮನ್ನ ಹಾಲೆಂಡಿನವಳು ಅಂತ ಕರೀಲಾ?"

ರಾಶೆಲ್ಲಳ ಚಾಕು ನಿಂತುಬಿಡುವುದು. "ಬಾಯಿ ಮುಚ್ಚು ಹುಡುಗಿ. ಬಾಯಿಗೆ ಕೆಲಸ ಬೇಕಿದ್ರೆ ಒಂದು ಫ್ರೀತ್ ತಿನ್ನು. ಒಂದು ತಿಂದ್ರೆ ಸಾಯಲ್ಲ."

"ತೂಕ ನೋಡ್ತಾರೆ."

"ನೋಡಲಿ. ಕಡ್ಡಿ ನೋಡೋಕೆ ಏನಿದೆ?"

ಆರು ವರ್ಷದಲ್ಲಿ ಅವಳು ಒಂದೇ ಒಂದು ಫ್ರೀತ್ ತಿನ್ನಲಿಲ್ಲ. ಆರು ವರ್ಷವೂ ರಾಶೆಲ್ ತಿನ್ನು ಅನ್ನುವುದನ್ನು ಬಿಡಲಿಲ್ಲ. ಇದಕ್ಕೆ ಪ್ರೀತಿ ಅಂತ ಹೆಸರಿಡುವ ಧೈರ್ಯ ಇಬ್ಬರಿಗೂ ಇರಲಿಲ್ಲ. ಬಾಡಿಗೆಗೆ ಇರುವವಳು, ಬಾಡಿಗೆಗೆ ಕೊಟ್ಟವಳು. ಮಾರ್ಲೆನಿ ಹಾಗೇ ತಿಳಿದಿದ್ದಳು.

ಮಿಕ್ಕ ಹೊತ್ತೆಲ್ಲ ಒಂಟಿತನ. ಕಾಲುವೆ ದಂಡೆಯ ಮೇಲೆ ಒಬ್ಬಳೇ ಗಂಟೆಗಟ್ಟಲೆ ತುಳಿಯುವುದು. ಎದುರಿಗೆ ಸಿಕ್ಕುವುದು ಬಾತುಕೋಳಿ, ಮರಳು ತುಂಬಿದ ದೋಣಿ. ಬಂದು ಸ್ನಾನ ಮಾಡಿ, ಕಿಟಕಿ ಕಟ್ಟೆಯ ಮೇಲೆ ಅನ್ನದ ಬಟ್ಟಲಿಟ್ಟುಕೊಂಡು ನಿಂತೇ ತಿನ್ನುವುದು. ಒಬ್ಬಳಿಗೋಸ್ಕರ ಕುರ್ಚಿ ಎಳೆದರೆ ಆ ಸದ್ದು ಮನೆಯಲ್ಲಿ ದೊಡ್ಡದಾಗಿ ಕೇಳುತ್ತದೆ. ತಂಡದ ಹುಡುಗಿಯರು ಕೆಟ್ಟವರಲ್ಲ. ಆದರೆ ಓಟ ಮುಗಿದ ಕೂಡಲೆ ಒಬ್ಬೊಬ್ಬಳ ಅಪ್ಪ, ಒಬ್ಬೊಬ್ಬಳ ಗಂಡ ಕಾರು ತಂದಿರುತ್ತಿದ್ದರು. ಇವಳು ಸೈಕಲ್ ತೊಳೆಯುವವನ ಲಾರಿಯಲ್ಲಿ ಮುಂದೆ ಕೂತು ಬರುತ್ತಿದ್ದಳು. ಅವನು ಪುಣ್ಯಾತ್ಮ, ಹಾಡು ಹಾಕಿಕೊಂಡರೆ ಮುಗಿಯಿತು.

ಭಾನುವಾರ ಮನೆಗೆ ಫೋನು. ಅಲ್ಲಿ ಅಮ್ಮ ಹಸು ಕರೆಯುವ ಹೊತ್ತು.

"ಟಿವಿಯಲ್ಲಿ ನೋಡಿದ್ವಿ ಮಗಳೇ. ನೀನು ಯಾವುದು ಅಂತ ನಿಮ್ಮಪ್ಪಂಗೆ ಗೊತ್ತಾಗಲ್ಲ. ಯಾವ ಹೆಲ್ಮೆಟ್ ಕಂಡ್ರೂ ಅದೇ ನನ್ನ ಮಗಳು ಅಂತಾನೆ."

"ಬಾಟ್ಲಿ ಹೊತ್ಕೊಂಡು ಹೋಗೋಳು ನಾನು ಅಂತ ಹೇಳು."

"ಹೇಳ್ದೆ. ಆಗ ಎದ್ದು ಹೊಲಕ್ಕೆ ಹೋದ."

ಒಮ್ಮೆ ಮಳೆಯಲ್ಲಿ ಕಲ್ಲುಹಾಸಿನ ರಸ್ತೆಯ ಮೇಲೆ ಬಿದ್ದು ಭುಜದ ಮೂಳೆ ಮುರಿಯಿತು. ಆಂಬುಲೆನ್ಸಿನವನು ಬಗ್ಗಿ ಕೇಳಿದ: "ಯಾರಿಗೆ ಹೇಳ್ಬೇಕಮ್ಮ? ಇಲ್ಲಿ ನಿನಗೆ ಯಾರಿದಾರೆ?" ನೋವಿಗೆ ಅಳದವಳು ಆ ಮಾತಿಗೆ ತಡವರಿಸಿದಳು. ಒಂದೇ ಒಂದು ಹೆಸರು ನಾಲಿಗೆ ತುದಿಗೆ ಬರಲಿಲ್ಲ. ಕೊನೆಗೆ "ತಂಡಕ್ಕೆ ಹೇಳಿ" ಅಂದಳು.

ಈ ಹಿಂಡಿನಲ್ಲಿ ಒಂದು ಪದ್ಧತಿ ಉಂಟು. ಓಟದ ದಾರಿ ಯಾವಳಾದರೂ ಒಬ್ಬಳ ಹುಟ್ಟೂರಿನ ಮೂಲಕ ಹೋಗುವುದಾದರೆ, ಓಟ ಬಿಸಿಯೇರಿಲ್ಲದ ಹೊತ್ತಾದರೆ, ಅವಳು ಹಿಂಡಿನ ಹಿರಿಯಳನ್ನು ಕೇಳಬೇಕು. ಹಿರಿಯಳು ತಲೆಯಾಡಿಸಿದರೆ ಅವಳೊಬ್ಬಳು ಮುಂದೆ ಹಾರಿ ಹೋಗಿ, ತನ್ನ ಬೀದಿಯಲ್ಲಿ ಇಳಿದು, ಅಜ್ಜಿಗೋ ಮಗುವಿಗೋ ಮುತ್ತು ಕೊಟ್ಟು ನಿಂತಿರುತ್ತಾಳೆ. ಹಿಂಡು ನಿಧಾನ ಬರುತ್ತದೆ. ಬಂದಾಗ ಸೇರಿಕೊಳ್ಳಬೇಕು. ಆ ಸಡಿಲವನ್ನು ಬಳಸಿಕೊಂಡು ಓಡಿಹೋದವಳನ್ನು ಹಿಂಡು ಜನ್ಮದಲ್ಲಿ ಕ್ಷಮಿಸುವುದಿಲ್ಲ. ಬರೆದಿಟ್ಟ ಕಾನೂನಲ್ಲ. ಅದಕ್ಕೇ ಗಟ್ಟಿ.

ಆ ವಸಂತದಲ್ಲಿ ಇಟಲಿಯ ಒಂದು ಊರಲ್ಲಿ ಮಾರ್ಲೆನಿ ಅದನ್ನು ಹತ್ತಿರದಿಂದ ಕಂಡಳು. ಬೀದಿ ಪಕ್ಕ ಕುರ್ಚಿ ಹಾಕಿಕೊಂಡು ಕೂತ ಮುದುಕಿ, ಅವಳ ಕೊರಳಿಗೆ ಜೋತುಬಿದ್ದ ಮೊಮ್ಮಗಳು. ಹಿಂಡು ಹಾದುಹೋಗುವಾಗ ಮುದುಕಿ ಎಲ್ಲರಿಗೂ ಕೈ ಬೀಸಿದಳು. ಬೆನ್ನ ತುಂಬ ಬಾಟ್ಲಿ ಹೊತ್ತ ಮಾರ್ಲೆನಿಯೂ ಕೈ ಎತ್ತಿದಳು. ಎತ್ತಿದ ಮೇಲೆ ನಾಚಿಕೆಯಾಯಿತು. ಅದು ತನಗೆ ಬೀಸಿದ ಕೈಯೇನು? ಕಾರ್ಚಿಯ ಗುಡ್ಡಕ್ಕೆ ಇಂಥ ಓಟ ಯಾವ ಕಾಲಕ್ಕೆ ಬಂದೀತು? ಆವತ್ತಿನಿಂದ ಅವಳ ಎದೆಯಲ್ಲಿ ಒಂದು ಆಸೆ ಮುಳ್ಳಿನ ಹಾಗೆ ನೆಟ್ಟುಕೊಂಡಿತು. ಗೆಲ್ಲುವ ಆಸೆ ಅಲ್ಲ ಅದು. ಈ ರಸ್ತೆಗಳಲ್ಲಿ ಒಂದು ಸಲ, ಒಂದು ತಿರುವಿನಲ್ಲಿ, ಯಾರೋ ತನಗೋಸ್ಕರ ನಿಂತಿರಬೇಕು.

ಬೇಸಿಗೆ ಮುಗಿಯುವ ಹೊತ್ತಿಗೆ ತಂಡದ ಮ್ಯಾನೇಜರ್ ವಾನೆಸ್ ಕರೆದ. ಓಟದ ಹೊತ್ತಿನಲ್ಲಿ ಕಾರಿನಿಂದ ಸವಾರರ ಕಿವಿಯ ರೇಡಿಯೋದಲ್ಲಿ ಅರಚುವವನು ಇವನೇ. ಈಗ ದನಿ ಮೆತ್ತಗಿತ್ತು. ಅವನ ದನಿ ಮೆತ್ತಗಾದರೆ ಯಾರದೋ ಕುತ್ತಿಗೆ ಹೋಯಿತು ಅಂತಲೇ ಅರ್ಥ.

"ನಿನ್ನ ಮೇಲೆ ಒಂದು ದೂರೂ ಇಲ್ಲ ಮಾರ್ಲೆನಿ. ಅದೇ ತೊಂದರೆ ನೋಡು. ಯಾರಿಗೂ ನೀನು ಕಾಣಿಸೋದೇ ಇಲ್ಲ. ಮುಂದಿನ ವರ್ಷದ ಕರಾರಿಗೆ ಮೇಲಿನವರ ಹತ್ರ ನಿನ್ನ ಹೆಸರು ಹೇಳಿದ್ರೆ 'ಅವಳು ಯಾರು?' ಅಂತಾರೆ."

"ನೀವು ಹೇಳಿದ್ದೆಲ್ಲ ಮಾಡಿದೀನಲ್ಲ."

"ಮಾಡಿದೀಯ. ಇನ್ನೊಂದು ಮಾಡು. ಕೊನೇ ರೇಸಲ್ಲಿ ಹಿಂಡು ಬಿಟ್ಟು ಮುಂದೆ ಹೋಗಿ ಒಂದು ಗಂಟೆ ಒಬ್ಬಳೇ ತುಳಿ. ಕ್ಯಾಮೆರಾ ನಮ್ಮ ಅಂಗೀನ ನೋಡಲಿ. ಅಷ್ಟಾದ್ರೆ ನಾನು ಮಾತಾಡ್ತೀನಿ. ಇಲ್ಲಾಂದ್ರೆ ನೀನು ಮನೆಗೆ ಹೋಗ್ಬೇಕಾಗುತ್ತೆ."

ಆರು ವರ್ಷ ಬಾಟ್ಲಿ ಹೊರಿಸಿ, ಕಾಣಿಸಲ್ಲ ಅನ್ನುತ್ತಾನೆ! ಬೆನ್ನ ಹಿಂದೆ ನಿಲ್ಲಿಸಿದವನೇ ಮುಖ ಯಾಕೆ ಕಾಣಲ್ಲ ಅಂತ ಕೇಳುವುದು. ಮಾರ್ಲೆನಿ ಮಾತ್ರ "ಆಯ್ತು" ಅಂದು ಬಂದಳು.

ಆ ವಾರವೇ ಅಂಗಡಿಗೆ ಓಮೆರ್ ಸುದ್ದಿ ತಂದ. ಓಮೆರ್ ಊರಿನ ಹಳೇ ಪೋಸ್ಟ್‌ಮ್ಯಾನ್. ಕಾಗದ ಹಂಚುವುದು ನಿಂತಿದ್ದರೂ ಸುದ್ದಿ ಹಂಚುವುದು ನಿಂತಿರಲಿಲ್ಲ. ಎಂದಿನ ದಾರಿಯಲ್ಲಿ ಪೈಪಿಗೆ ಅಗೆದಿದ್ದಾರಂತೆ, ಅದಕ್ಕೆ ವರ್ಷದ ಕೊನೇ ಓಟ ಈ ಸಲ ಎಲ್ಸ್‌ಬೆಕ್ ಮೇಲೆ ಹಾಯುತ್ತದಂತೆ, ಇದೇ ತಿರುವಿನಲ್ಲಿ, ಅಂಗಡಿ ಎದುರಿಗೇ.

"ರಾಶೆಲ್, ಆವತ್ತು ಎರಡು ಬಾಣಲೆ ಇಡು. ಜನ ಜಾತ್ರೆ ಆಗುತ್ತೆ," ಅಂದ ಓಮೆರ್.

ಆಲೂಗಡ್ಡೆ ಸುಲಿಯುತ್ತಿದ್ದ ಮಾರ್ಲೆನಿ ತಲೆಯೆತ್ತದೆ ಕೇಳಿದಳು. "ನೀವು ಹೊರಗೆ ಬಂದು ನಿಲ್ತೀರಾ ದೋನ್ಯಾ?"

"ಎಲ್ಲಿ?"

"ತಿರುವಿನಲ್ಲಿ. ನಾನು ಹೋಗುವಾಗ."

"ರೇಸ್ ದಿನ ಬಾಣಲೆ ಬಿಟ್ಟು? ತಲೆ ಕೆಟ್ಟಿದೆಯಾ ನಿನಗೆ? ನನ್ನ ಗಂಡ ಬದುಕಿದ್ದಾಗಿನಿಂದ ರೇಸ್ ದಿನ ನಾನು ರಸ್ತೆಗೆ ಬೆನ್ನು ಹಾಕ್ಕೊಂಡೇ ನಿಂತಿದೀನಿ. ಸದ್ದು ಕೇಳಿಸ್ಕೊಂಡೇ ಯಾರು ಹೋದ್ರು ಅಂತ ಹೇಳ್ತೀನಿ."

"ನಾನು ಹೋದ್ರೂ ಗೊತ್ತಾಗುತ್ತಾ?"

"ಸುಲಿ ಸುಲಿ. ಕಣ್ಣು ಬಿಟ್ಟು ಸುಲಿ, ಸಿಪ್ಪೆ ಜೊತೆ ಅರ್ಧ ಗಡ್ಡೇನೂ ಹೋಗ್ತಿದೆ."

ಮಾರ್ಲೆನಿ ಸುಲಿದಳು. ಪದ್ಧತಿಯ ವಿಷಯ ಬಾಯಿ ಬಿಡಲಿಲ್ಲ. ಬಿಟ್ಟು ಹೇಳಿದ್ದರೆ ಮುಂದಿನದು ಹಾಗಾಗುತ್ತಿರಲಿಲ್ಲ. ಆದರೆ ಮುದ್ದು ಮಾಡಿಸಿಕೊಳ್ಳಲು ಬರುತ್ತೇನೆ, ಬಾಗಿಲಲ್ಲಿ ನಿಂತಿರು ಅಂತ ಯಾರಾದರೂ ಬಾಯಿಬಿಟ್ಟು ಬೇಡುತ್ತಾರೆಯೇ?

ಓಟದ ದಿನ ಭಾನುವಾರ. ಅಪರೂಪಕ್ಕೆ ಬಿಸಿಲು. ಬೆಳಗ್ಗೆ ಓಡಿಹೋಗಿದ್ದ ಮೂವರನ್ನು ಹಿಂಡು ಹಿಡಿದು ನುಂಗಿತ್ತು. ಹೊಸದಾಗಿ ಓಡಲು ಯಾರಿಗೂ ಮನಸ್ಸಿರಲಿಲ್ಲ. ಗುಡ್ಡಗಳು ಇನ್ನೂ ದೂರ. ಹೆಂಗಸರು ಬಾಳೆಹಣ್ಣು ತಿನ್ನುತ್ತಾ, ಮೂಗು ಸೀಟುತ್ತಾ, ಹರಟುತ್ತಾ ಸಾಗಿದ್ದರು. ಎಲ್ಸ್‌ಬೆಕ್ ಚರ್ಚಿನ ಗೋಪುರ ಜೋಳದ ಹೊಲಗಳ ಆಚೆ ಕಂಡಿತು. ದಿನಾ ಮನೆಗೆ ಬರುವಾಗ ಅವಳು ನೋಡುವ ಗೋಪುರ.

ಕೇಳಬೇಕು ಅಂತ ಅವಳು ಮೊದಲೇ ನಿಶ್ಚಯ ಮಾಡಿರಲಿಲ್ಲ. ಯಾರೂ ನಿಂತಿರುವುದಿಲ್ಲ ಅಂತಲೂ ಗೊತ್ತಿತ್ತು. ಆದರೂ ಆ ಗೋಪುರ ಕಂಡದ್ದೇ ಕಾಲು ತಾನಾಗಿ ತುಳಿಯಿತು. ಯಾರೂ ಇಲ್ಲದಿದ್ದರೆ ಬೇಡ, ಬಾಗಿಲನ್ನಾದರೂ ಮುಟ್ಟಿ ಬರೋಣ ಅನ್ನಿಸಿತು. ಹಿಂಡಿನ ಮೂತಿಯಲ್ಲಿ ಇಲ್ಕೆ ಇದ್ದಳು. ಇದೇ ಫ್ಲಾಂಡರ್ಸಿನವಳು, ದೇಶದ ಚಾಂಪಿಯನ್, ಹಿಂಡಿಗೆ ಯಜಮಾನಿ. ಅವಳ ಪಕ್ಕಕ್ಕೆ ಬಂದು ಮಾರ್ಲೆನಿ ಗಂಟಲು ಸರಿಮಾಡಿಕೊಂಡಳು.

"ಈ ಊರಲ್ಲಿ ನಾನು ಸ್ವಲ್ಪ ಮುಂದೆ ಹೋಗ್ಲಾ?"

ಇಲ್ಕೆ ತಿರುಗಿ ನೋಡಿದಳು. "ಯಾಕೆ? ಇದು ಯಾರೂರು?"

"ನಂದು."

"ನೀನು ಕೊಲಂಬಿಯಾದವಳಲ್ವೇನೆ?"

"ಈಕ್ವೆಡಾರ್. ಆರು ವರ್ಷದಿಂದ ಇಲ್ಲೇ ಇರೋದು. ಆ ತಿರುವಿನ ಫ್ರೀತ್ ಅಂಗಡಿ ಮೇಲೆ."

"ರಾಶೆಲ್ ಅಂಗಡಿ?" ಇಲ್ಕೆಯ ಹುಬ್ಬು ಹೆಲ್ಮೆಟ್ಟಿನೊಳಗೆ ಹೋಯಿತು. "ಆ ಸಾರು ಹಾಕಿ ಕೊಡ್ತಾಳಲ್ಲ, ಆ ರಾಕ್ಷಸಿ? ನಮ್ಮಪ್ಪ ಚಿಕ್ಕಂದಿನಲ್ಲಿ ನನ್ನ ಅಲ್ಲಿಗೇ ಕರ್ಕೊಂಡು ಹೋಗ್ತಿದ್ದ! ನೀನು ಅಲ್ಲಿದೀಯಾ? ಆರು ವರ್ಷ? ಬಾಯಿಲ್ವೇನೆ ನಿನಗೆ, ಒಂದು ದಿನ ಹೇಳ್ಬಾರ್ದಾ?"

"ಯಾರೂ ಕೇಳ್ಲಿಲ್ಲ."

ಇಲ್ಕೆ ಎರಡೂ ಕೈ ಹ್ಯಾಂಡಲ್ಲಿನಿಂದ ಎತ್ತಿ ಹಿಂದಕ್ಕೆ ಕೂಗಿದಳು: "ಏಯ್, ನಿಧಾನ! ಇದು ಇವಳೂರು! ಇವಳು ಮನೆಯವರನ್ನ ನೋಡ್ಕೊಂಡು ಬರ್ತಾಳೆ!" ಮತ್ತೆ ಮಾರ್ಲೆನಿಯ ಬೆನ್ನಿಗೆ ಒಂದು ಏಟು ಹಾಕಿ, "ಹೋಗು. ಓಡು," ಅಂದಳು.

ಮಾರ್ಲೆನಿ ಹೋದಳು. ಬೆನ್ನ ಮೇಲೆ ಬಾಟ್ಲಿ ಇಲ್ಲ, ಎದುರಿಗೆ ಯಾರ ಚಕ್ರವೂ ಇಲ್ಲ. ಎಷ್ಟು ವರ್ಷವಾಗಿತ್ತು ಖಾಲಿ ರಸ್ತೆ ನೋಡಿ! ಟಿವಿಯ ಮೋಟರ್‌ಬೈಕು ಗುರ್ರೆಂದು ಅವಳ ಪಕ್ಕಕ್ಕೆ ಬಂತು. ಆಗ ಕಿವಿಯ ರೇಡಿಯೋದಲ್ಲಿ ವಾನೆಸ್ ಸಿಡಿದ.

"ಬಿಟ್ರಾ? ನಿನ್ನ ಬಿಟ್ರಾ? ನಿಲ್ಬೇಡ ಮಾರ್ಲೆನಿ! ಗಾಳಿ ಹಿಂದಿನಿಂದ ಇದೆ, ಹಿಂದೆ ಎಲ್ಲಾ ಬಾಳೆಹಣ್ಣು ತಿಂತಿದಾರೆ. ಗುಡ್ಡದ ತನಕ ಹೋಗು, ಒಂದು ಗಂಟೆ ನೀನೇ ಟಿವಿಯಲ್ಲಿ! ನಿನ್ನ ಕರಾರು ಅಲ್ಲಿದೆ, ತುಳಿ, ತುಳಿ!"

ಆರು ವರ್ಷ ಆ ದನಿ ಹೇಳಿದ್ದನ್ನೆಲ್ಲ ಅವಳು ಮಾಡಿದ್ದಳು. ಇಳಿ ಅಂದರೆ ಇಳಿದಿದ್ದಳು, ಚಕ್ರ ಕೊಡು ಅಂದರೆ ಕೊಟ್ಟಿದ್ದಳು. ಈಗಲೂ ಕಾಲು ವೇಗ ಹೆಚ್ಚಿಸಿಯೇ ಬಿಟ್ಟಿತ್ತು. ತಿರುವಿನ ಮನೆಗಳು ಬಂದವು. ಬ್ರೆಡ್ಡಿನ ಅಂಗಡಿ, ಔಷಧಿ ಅಂಗಡಿ. ಮೂಗಿಗೆ ಕೊಬ್ಬಿನ ವಾಸನೆ ಬರಬೇಕಾಗಿತ್ತು, ಬರಲಿಲ್ಲ. ರಾಶೆಲ್ಲಳ ಅಂಗಡಿಯ ಬಾಗಿಲು ಮುಚ್ಚಿತ್ತು. ರೇಸ್ ದಿನ, ಭಾನುವಾರ, ಬಾಗಿಲು ಮುಚ್ಚಿತ್ತು! ಮೇಲಿನ ಕಿಟಕಿಯಿಂದ, ಅವಳದೇ ಕೋಣೆಯ ಕಿಟಕಿಯಿಂದ, ಹಳದಿ ನೀಲಿ ಕೆಂಪು ಧ್ವಜ ಇಳಿಬಿದ್ದಿತ್ತು. ಅವಳ ದೇಶದ ಧ್ವಜದ ನಡುವೆ ರೆಕ್ಕೆ ಬಿಚ್ಚಿದ ಹದ್ದು ಇರುತ್ತದೆ. ಇದರಲ್ಲಿ ಹದ್ದು ಇರಲಿಲ್ಲ. ಕೊಲಂಬಿಯಾದ ಧ್ವಜ.

ಅದರ ಕೆಳಗೆ, ಒಗೆದು ಇಸ್ತ್ರಿ ಮಾಡಿದ ಏಪ್ರನ್ ಕಟ್ಟಿಕೊಂಡು, ರಸ್ತೆಗೆ ಮುಖ ಮಾಡಿ, ರಾಶೆಲ್ ನಿಂತಿದ್ದಳು.

ಮಾರ್ಲೆನಿ ಬ್ರೇಕು ಹಿಡಿದಳು. ಕಿವಿಯಲ್ಲಿ ವಾನೆಸ್ "ಏನ್ ಮಾಡ್ತಿದೀಯಾ?" ಅಂತ ಕಿರುಚಿದ್ದು ಯಾವುದೋ ಬಾವಿಯೊಳಗಿಂದ ಬಂದ ಹಾಗಿತ್ತು. ಅವಳು ಕಾಲು ಕೆಳಗಿಟ್ಟು, ನಗುತ್ತಾ, ಎರಡೂ ತೋಳು ಬಿಚ್ಚಿದಳು.

ರಾಶೆಲ್ಲಳ ಮುಖ ಬೆಳ್ಳಗಾಯಿತು.

"ಯಾಕೆ ನಿಂತೆ?"

"ದೋನ್ಯಾ..."

"ಯಾಕೇ ನಿಂತೆ ಕತ್ತೆ? ನೀನು ಮುಂದಿದೀಯ! ಒಬ್ಬಳೇ ಮುಂದಿದೀಯ! ಪಂಕ್ಚರಾ?"

"ಇಲ್ಲ, ನಾನು ನಿಮ್ಮನ್ನ..."

"ಮತ್ತೆ ಹೋಗು! ಹಿಂದೆ ಬರ್ತಿದಾರೆ ಹೋಗೇ! ನಿನ್ನ ಹೀಗೆ ಮುಂದೆ ನೋಡೋಕೆ ಅಂಗಡಿ ಮುಚ್ಚಿ ನಿಂತ್ರೆ, ಬಾಗಿಲಿಗೆ ಬಂದು ಹಲ್ಲು ಬಿಡ್ತೀಯಾ?"

ತಬ್ಬಿಕೊಳ್ಳಲು ಚಾಚಿದ ತೋಳುಗಳನ್ನು ರಾಶೆಲ್ ಹಿಡಿದು ಹ್ಯಾಂಡಲ್ಲಿಗೆ ಒತ್ತಿದಳು. ಆಮೇಲೆ ಸೀಟಿನ ಹಿಂದೆ ಎರಡೂ ಕೈ ಕೊಟ್ಟು, ಮೂವತ್ತು ವರ್ಷ ಬಾಣಲೆ ಎತ್ತಿದ ರಟ್ಟೆಯ ಬಲವನ್ನೆಲ್ಲ ಹಾಕಿ, ದಬ್ಬಿದಳು. ದಬ್ಬುತ್ತಾ ಓಡಿದಳು. ಏಪ್ರನ್ ಹಾರುತ್ತಿತ್ತು, ಒಂದು ಚಪ್ಪಲಿ ಬೀದಿಯಲ್ಲೇ ಉಳಿಯಿತು. "ಹೋಗು! ಹೋಗು! ತಿರುಗಿ ನೋಡ್ಬೇಡ ಮೂದೇವಿ!" ಬೇಲಿಗೆ ಒರಗಿದ್ದ ಊರಿನವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಮೋಟರ್‌ಬೈಕಿನ ತೀರ್ಪುಗಾರ ಬೆರಳೆತ್ತಿ ಗದರಿದ, ಸವಾರರನ್ನು ದಬ್ಬುವಂತಿಲ್ಲ. ರಾಶೆಲ್ ಅವನಿಗೂ ಒಂದು ಬೈದಳು.

ತಿರುವು ದಾಟಿದ ಮೇಲೆ ಮಾರ್ಲೆನಿ ಒಬ್ಬಳೇ. ಮುಂದೆ ಖಾಲಿ ರಸ್ತೆ, ಬೆನ್ನಿಗೆ ಗಾಳಿ. ಈಗಲೂ ಹೋಗಬಹುದಿತ್ತು. ವಾನೆಸ್ ಹೋಗು ಅನ್ನುತ್ತಿದ್ದ. ರಾಶೆಲ್ ಕೂಡ ಹೋಗು ಅಂದಿದ್ದಳು. ಆದರೆ ಇಲ್ಕೆ ಕೈ ಎತ್ತಿ ಕೂಗಿದ್ದಳಲ್ಲ, ಇದು ಇವಳೂರು ಅಂತ. ಆ ಮಾತನ್ನು ಸುಳ್ಳು ಮಾಡಿ ಓಡುವುದು ಹೇಗೆ? ಚರ್ಚಿನ ಆಚೆ, ಸ್ಮಶಾನದ ಗೋಡೆಗೆ ಒಂದು ಕೈ ಊರಿಕೊಂಡು, ಅವಳು ಕಾದು ನಿಂತಳು.

ಹಿಂಡು ಬಂತು.

"ಮುತ್ತು ಸಿಕ್ತಾ?" ಇಲ್ಕೆ ಕೇಳಿದಳು.

"ಒದೆ ಸಿಕ್ತು."

"ರಾಶೆಲ್ ಅಲ್ವಾ! ಅವಳು ಮುತ್ತು ಕೊಟ್ಟಿದ್ರೆ ಡಾಕ್ಟರನ್ನ ಕರೀಬೇಕಾಗಿತ್ತು," ಅಂದಳು ಇಲ್ಕೆ. ಸುತ್ತಲಿದ್ದವರು ಘೊಳ್ಳೆಂದರು. ಮಾರ್ಲೆನಿಯೂ ನಕ್ಕಳು. ನಗುತ್ತಲೇ ಹಿಂಡಿನ ಹಿಂದಕ್ಕೆ ಸರಿದು, ಕಾರಿನ ತನಕ ಇಳಿದು, ಬಾಟ್ಲಿ ತುಂಬಿಕೊಂಡಳು. ವಾನೆಸ್ ಕಾರಿನ ಕಿಟಕಿಯಿಂದ ಒಂದೊಂದೇ ಬಾಟ್ಲಿ ಕೊಟ್ಟ. ಮುಖ ನೋಡಲಿಲ್ಲ. ಅವಳಿಗೆ ಅಲ್ಲೇ ಗೊತ್ತಾಯಿತು.

ಕರಾರು ಬರಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು, ವಾನೆಸ್ ಫೋನು ಕೂಡ ಮಾಡದೆ, ಮುಂದಿನ ವರ್ಷದ ತಂಡದ ಫೋಟೋದಲ್ಲಿ ಅವಳನ್ನು ಬಿಟ್ಟ. ಅವಳಿಗೆ ಬೇರೆ ತಂಡ ಹುಡುಕಿಕೊಡುವವರು ಯಾರು?

ಅಂಗಡಿಯಲ್ಲಿ ರಾಶೆಲ್ ಒಂದು ವಾರ ಉರಿಯುತ್ತಿದ್ದಳು. "ಕಾಲಿಗೆ ಬಂದ ಗೆಲುವನ್ನ ಒದ್ದಳು ಈ ಹುಡುಗಿ, ನನ್ನ ಬಾಗಿಲಲ್ಲೇ!" ಅಂತ ಬಂದ ಗಿರಾಕಿಗೆಲ್ಲ ಹೇಳಿದಳು. ಕೇಳೀ ಕೇಳೀ ಕೊನೆಗೆ ಓಮೆರ್ ಪೊಟ್ಟಣ ಕೆಳಗಿಟ್ಟ.

"ರಾಶೆಲ್, ಯಾವ ಗೆಲುವು? ಅವಳನ್ನ ಹಿಂಡೇ ಬಿಟ್ಟಿತ್ತು ಕಣೇ. ಊರು ಬಂದ್ರೆ ಬಿಡ್ತಾರಲ್ಲ, ಮನೆಯವರಿಗೆ ಮುತ್ತು ಕೊಟ್ಟು ಬಾ ಅಂತ. ಗೊತ್ತಿಲ್ವಾ ನಿನಗೆ?"

"ಗೊತ್ತು. ಅದು ಮನೆಯವರಿಗೆ."

"ಮತ್ತೆ?"

"ಮತ್ತೆ ಏನು ಮತ್ತೆ? ನಾನೇನು ಅವಳ ಮನೆಯವಳಾ?"

ಓಮೆರ್ ಒಂದು ಫ್ರೀತ್ ಬಾಯಿಗೆ ಹಾಕಿಕೊಂಡ. ರಾಶೆಲ್ ಒಲೆಯ ಕಡೆ ತಿರುಗಿದಳು. ಆ ಸಂಜೆ ಮೊದಲ ಸಲ ಅವಳ ಕೈಯಲ್ಲಿ ಒಂದು ಬಾಣಲೆ ಫ್ರೀತ್ ಸೀದುಹೋಯಿತು. ಮಹಡಿಯ ಮೆಟ್ಟಿಲಲ್ಲಿ ನಿಂತು ಇದೆಲ್ಲ ಕೇಳಿಸಿಕೊಂಡ ಮಾರ್ಲೆನಿ ಸದ್ದಿಲ್ಲದೆ ಮೇಲೆ ಹೋದಳು. ಆಮೇಲಿನ ದಿನಗಳಲ್ಲಿ ಇಬ್ಬರೂ ಆಲೂಗಡ್ಡೆ ಸುಲಿದರು. ಆ ಮಾತು ಎತ್ತಲಿಲ್ಲ. ತಿನ್ನು ಅಂತಲೂ ರಾಶೆಲ್ ಅನ್ನಲಿಲ್ಲ. ಅದೊಂದು ಹೊಸ ಕಷ್ಟ.

ಹೊರಡುವ ಬೆಳಗ್ಗೆ ಮಂಜು. ತಿರುವಿನ ಆ ಬದಿಯ ಬಸ್ ನಿಲ್ದಾಣದಲ್ಲಿ ಸೈಕಲ್ ಪೆಟ್ಟಿಗೆ, ಒಂದು ಚೀಲ ಇಟ್ಟುಕೊಂಡು ಮಾರ್ಲೆನಿ ನಿಂತಿದ್ದಳು. ಬೀಗದ ಕೈಯನ್ನು ಅಂಗಡಿ ಕಟ್ಟೆಯ ಮೇಲೆ ಇಟ್ಟು ಬಂದಿದ್ದಳು. ಅಂಗಡಿಯಲ್ಲಿ ರಾಶೆಲ್ ಇರಲಿಲ್ಲ. ಹಿತ್ತಲ ಕಡೆ ಪಾತ್ರೆ ಸದ್ದು ಕೇಳಿತ್ತು, ಕರೆಯಲು ಬಾಯಿ ಬಂದಿರಲಿಲ್ಲ. ಬಸ್ಸು ದೀಪ ಹಾಕಿಕೊಂಡು ಬಂದು ನಿಂತಿತು. ಅವಳು ಪೆಟ್ಟಿಗೆ ಎತ್ತಿದಳು.

"ನಿಲ್ಲು!"

ರಾಶೆಲ್ ಏಪ್ರನ್ನಿನಲ್ಲೇ ರಸ್ತೆ ದಾಟಿ ಬರುತ್ತಿದ್ದಳು.

"ಬೇಗ ಹತ್ತಮ್ಮ, ಹೊತ್ತಾಯ್ತು," ಅಂದ ಡ್ರೈವರ್.

"ನೀನೂ ನಿಲ್ಲು," ಅಂದಳು ರಾಶೆಲ್ ಅವನಿಗೆ. ಅವನು ಈ ಊರಿನ ದಾರಿಯಲ್ಲಿ ಓಡಾಡುವವನು, ಅವಳನ್ನು ಬಲ್ಲ. ಇಂಜಿನ್ ಆರಿಸಿದ.

ರಾಶೆಲ್ ಎದುರಿಗೆ ಬಂದು ನಿಂತಳು. ಹೇಗೆ ಶುರುಮಾಡಬೇಕು ಅಂತ ಗೊತ್ತಾಗದ ಹಾಗೆ ಕೈಗಳನ್ನು ಏಪ್ರನ್ನಿಗೆ ಒರೆಸಿಕೊಂಡಳು, ಮತ್ತೆ ಒರೆಸಿಕೊಂಡಳು. ಆಮೇಲೆ ಮೂಟೆ ಎತ್ತುವವಳ ಹಾಗೆ ಮಾರ್ಲೆನಿಯನ್ನು ಎರಡೂ ತೋಳಿನಲ್ಲಿ ಅಮುಕಿ ಹಿಡಿದಳು. ದಿಂಬಿನಲ್ಲಿದ್ದ ಅದೇ ವಾಸನೆ.

"ನಂಗೆ ಹೇಗೆ ಗೊತ್ತಾಗ್ಬೇಕು?" ಅಂದಳು ಅವಳ ಕೂದಲೊಳಗೆ, ಜಗಳ ಆಡುವ ದನಿಯಲ್ಲೇ. "ಒಂದು ಮಾತು ಹೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"

"ನೀವು ಅಂಗಡಿ ಮುಚ್ಚಿ ನಿಲ್ತೀನಿ ಅಂತ ಹೇಳಿದ್ರಾ?"

ರಾಶೆಲ್ ಏಪ್ರನ್ನಿನ ಜೇಬಿನಿಂದ ಬಿಸಿ ಪೊಟ್ಟಣ ತೆಗೆದು ಅವಳ ಕೈಗೆ ತುರುಕಿ, "ಇನ್ನು ಯಾವನೂ ತೂಕ ನೋಡಲ್ಲ," ಅಂದು, ತಿರುಗಿ ನೋಡದೆ ರಸ್ತೆ ದಾಟಿದಳು.

ಬಸ್ಸು ತಿರುವು ಹೊರಳಿತು. ಮಾರ್ಲೆನಿ ಕಿಟಕಿಯ ಮಂಜು ಒರೆಸಿದಳು. ಮಹಡಿಯ ಮೇಲಿನ ಆ ಕೋಣೆಯ ಕಿಟಕಿಯಲ್ಲಿ ಧ್ವಜ ಇನ್ನೂ ಇಳಿಬಿದ್ದಿತ್ತು. ನಿನ್ನೆಯ ತನಕ ಇಲ್ಲದ ಒಂದು ಕಪ್ಪು ತುಂಡು ಅದರ ನಡುವೆ ಕಂಡಿತು. ಹಳೇ ಏಪ್ರನ್ ಕತ್ತರಿಸಿ ಹೊಲಿದ ಹಕ್ಕಿ. ರೆಕ್ಕೆ ಗಿಡ್ಡ, ಹೊಟ್ಟೆ ದಪ್ಪ. ಹದ್ದು ಅಂತ ಹೊಲಿದದ್ದು. ಅಪ್ಪಟ ಕೋಳಿಯ ಹಾಗಿತ್ತು.

ಅವಳಿಗೆ ನಗು ಉಕ್ಕಿತು. ನೋಡು ಅಂತ ತೋರಿಸಲು ತಿರುಗಿದಳು. ಪಕ್ಕದ ಸೀಟಿನಲ್ಲಿ ಅವಳ ಚೀಲ ಇತ್ತು. ಬಸ್ಸಿನಲ್ಲಿ ಬೇರೆ ಯಾರೂ ಇರಲಿಲ್ಲ. ಪೊಟ್ಟಣ ಬಿಚ್ಚಿ ಒಂದು ಫ್ರೀತ್ ಬಾಯಿಗೆ ಹಾಕಿಕೊಂಡಳು. ನಾಲಿಗೆ ಸುಟ್ಟಿತು. ನೀರು ಆಲೂಗಡ್ಡೆಯೇ ಸರಿ. ಆದರೂ ಪೊಟ್ಟಣ ಖಾಲಿಯಾಗುವ ತನಕ ಒಂದೊಂದೇ ತಿಂದಳು.